ಕಂಬಳಿಯ ಮೇಲಿನ ಕಲ್ಲು

ಇಳಕಲ್ಲಿನ ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಒಂದು ಖೋಲಿ ಇತ್ತು. ಹಿತ್ತಲಿಗೆ ಹೋಗುವ ದಾರಿಯಲ್ಲಿ, ಅಡುಗೆಮನೆಯ ಬೆನ್ನಿಗೆ ಅಂಟಿಕೊಂಡಿದ್ದ ಅದಕ್ಕೆ ಬಣ್ಣದ ಖೋಲಿ ಎನ್ನುತ್ತಿದ್ದೆವು. ಅಜ್ಜ ಇದ್ದಾಗ ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದನಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಬಣ್ಣದ ನೂಲು ಅಂಗಡಿಯಿಂದಲೇ ಬರುತ್ತಿತ್ತು. ಖೋಲಿಯಲ್ಲಿ ಉಳಿದದ್ದು ಎರಡು ತಾಮ್ರದ ಹಂಡೆ, ಗೋಡೆಯ ತುಂಬ ನೀಲಿ ಕೆಂಪು ಸಿಡಿತ, ನೂಲು ಒಣಹಾಕಲು ಆ ಗೋಡೆಯಿಂದ ಈ ಗೋಡೆಗೆ ಕಟ್ಟಿದ ಹಗ್ಗ. ಬಾಗಿಲು ಇರಲಿಲ್ಲ, ಬರಿಯ ಚೌಕಟ್ಟು. ನನಗೆ ಹನ್ನೊಂದು ವರ್ಷವಿದ್ದಾಗ ನನ್ನ ಅಣ್ಣ ಮಹಾಂತೇಶ ಮತ್ತು ಅವನ ಗೆಳೆಯ ಬೀರಪ್ಪ ಕೂಡಿ ಅದನ್ನು ಫೋಟೋ ತೊಳೆಯುವ ಕತ್ತಲೆ ಖೋಲಿ ಮಾಡಿದರು. ಅಲ್ಲಿ ಒಂದು ಸಂಜೆ ನಾನು ಮಾಡಿದ ಕೆಲಸವನ್ನು ಐವತ್ತು ವರ್ಷ ಯಾರಿಗೂ ಹೇಳಲಿಲ್ಲ. ಆ ಕೆಲಸದ ತಪ್ಪನ್ನು ಬೇರೊಬ್ಬನು ಹೊತ್ತ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೀರಪ್ಪನದು, ನಾನು ಕರೆಯುತ್ತಿದ್ದಂತೆ ಬೀರಣ್ಣನದು, ಹುನಗುಂದದ ಹತ್ತಿರದ ಹಳ್ಳಿ. ಮನೆತನದವರು ಕುರಿ ಕಾಯುವವರು, ಬೀರಪ್ಪದೇವರ ಒಕ್ಕಲು. ಅದಕ್ಕೇ ಮನೆಗೊಬ್ಬ ಬೀರಪ್ಪ. ಹುನಗುಂದದ ಹೈಸ್ಕೂಲಿನಲ್ಲಿ ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಒಂದೇ ವರ್ಷ ಅಣ್ಣನ ಜೊತೆ ನಪಾಸಾದವನು. ಆ ಮೇಲೆ ಇಬ್ಬರೂ ಬಾದಾಮಿಯ ಒಂದು ಸ್ಟುಡಿಯೋದಲ್ಲಿ ವರ್ಷವೊಪ್ಪತ್ತು ಕೆಲಸ ಕಲಿತರು. ಗುಹೆ ನೋಡಲು ಬಂದವರನ್ನು ಕಂಬದ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಅವರು ಬನಶಂಕರಿಗೆ ಹೋಗಿ ಬರುವುದರೊಳಗೆ ತೊಳೆದು ಕೊಡುವ ಕೆಲಸ. ಅಲ್ಲಿಂದ ಬಂದವರೇ ಇಬ್ಬರೂ ಕೂಡಿ ಒಂದು ಹಳೆಯ ಕ್ಯಾಮೆರಾ ಕೊಂಡರು. ಅಣ್ಣನ ಪಾಲಿನದು ಮನೆ ಮತ್ತು ಖೋಲಿ. ಬೀರಪ್ಪನ ಪಾಲಿನದು ದೊಡ್ಡದೊಂದು ಕರಿ ಕಂಬಳಿ. ಅವನ ಅವ್ವ ನೀಲವ್ವ ತಮ್ಮ ಕುರಿಗಳ ಉಣ್ಣೆಯನ್ನು ತಾನೇ ನೂತು, ನೇಯಿಸಿ ಕೊಟ್ಟದ್ದು. ಬಾಗಿಲಿಲ್ಲದ ಚೌಕಟ್ಟಿಗೆ ಅದನ್ನು ಮೊಳೆ ಹೊಡೆದು ತೂಗುಬಿಟ್ಟರೆ ಒಳಗೆ ಸೂಜಿಮೊನೆಯಷ್ಟೂ ಬೆಳಕು ಬರುತ್ತಿರಲಿಲ್ಲ. ಮಳೆ ಬಂದ ದಿನ ಮನೆಯೆಲ್ಲ ಕುರಿವಾಸನೆ.

ಪಡಸಾಲೆಯ ಅರ್ಧ ಅಪ್ಪನ ಕುಣಿಮಗ್ಗದ್ದು. ಇನ್ನರ್ಧ ಸ್ಟುಡಿಯೋ ಆಯಿತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬೀಳುವ ಜಾಗ ನೋಡಿ ಒಂದು ಸ್ಟೂಲು ಇಟ್ಟರು. ಹಿಂದಿನ ಗೋಡೆಗೆ ಆಯಿಯ ಹಳೆಯ ಕರಿ ಚಂದ್ರಕಾಳಿ ಸೀರೆ ಕಟ್ಟಿದರು. ಆಯಿ ಎಂದರೆ ಅಪ್ಪನ ಅವ್ವ, ನಮ್ಮ ಮನೆಯ ಯಜಮಾನಿ. ಫೋಟೋ ತೆಗೆಸಿಕೊಳ್ಳಲು ಬಂದ ಹೆಣ್ಣುಮಕ್ಕಳು ಕ್ಯಾಮೆರಾ ನೋಡುವುದು ಬಿಟ್ಟು ಹೊರಳಿ ಸೀರೆಯ ದಡಿ ನೋಡುತ್ತಿದ್ದರು. ಎನ್ಲಾರ್ಜರು ಕೊಳ್ಳುವ ತಾಕತ್ತು ಇರಲಿಲ್ಲ. ಓಣಿಯ ಬಡಿಗ ಮುರಿದ ಮಗ್ಗದ ಕಟ್ಟಿಗೆಯಿಂದ ಒಂದು ಗೂಟ, ಮೇಲೆ ಕೆಳಗೆ ಸರಿಯುವ ಹಲಗೆ ಮಾಡಿಕೊಟ್ಟ. ಅದಕ್ಕೆ ಹಾಲಿನ ಪುಡಿಯ ಡಬ್ಬಿ ಕಟ್ಟಿ, ಒಳಗೆ ಬಲ್ಬು ಇಟ್ಟು, ಕೆಳಗೆ ಗಾಜು ಹಚ್ಚಿದರು. ಸಣ್ಣ ಫಿಲ್ಮಿನ ಚಿತ್ರವನ್ನು ದೊಡ್ಡ ಕಾಗದದ ಮೇಲೆ ಬೀಳಿಸುವ ಯಂತ್ರ ಅದೇ. ನೋಡಿದರೆ ಕೋಳಿಗೂಡಿನ ಹಾಗೆ ಕಾಣುತ್ತಿತ್ತು.

ಕಾಗದದ ಮೇಲೆ ಬೆಳಕು ಎಷ್ಟು ಹೊತ್ತು ಬೀಳಬೇಕು ಎನ್ನುವುದಕ್ಕೆ ಲೆಕ್ಕ ಬೇಕು. ಮನೆಯಲ್ಲಿ ಸೆಕೆಂಡಿನ ಮುಳ್ಳಿದ್ದ ಗಡಿಯಾರ ಇರಲಿಲ್ಲ. ಇದ್ದದ್ದು ಅಪ್ಪನ ಮಗ್ಗ. ಲಾಳಿ ಅತ್ತಿಂದಿತ್ತ ಓಡಿ ಹಲಗೆ ಒಮ್ಮೆ ಬಡಿದರೆ ಒಂದು ಎಣಿಕೆ. ಆ ಬಡಿತ ಮನೆಯ ಯಾವ ಮೂಲೆಗೆ ಹೋದರೂ ಕೇಳುತ್ತಿತ್ತು. ಹನ್ನೆರಡು ಬಡಿತಕ್ಕೆ ಒಂದು ಫೋಟೋ ಎಂದು ಅಣ್ಣ ಗೊತ್ತು ಮಾಡಿದ. ಎಣಿಸುವವಳು ನಾನು. ಸಾಲಿ ಬಿಡಿಸಿದ ಮೇಲೆ ನನ್ನ ಕೆಲಸ ಅಪ್ಪನಿಗೆ ಕಂಡಿಕೆ ಸುತ್ತಿಕೊಡುವುದು, ಅಂದರೆ ಲಾಳಿಯೊಳಗಿಡುವ ಸಣ್ಣ ಕಡ್ಡಿಗೆ ನೂಲು ಸುತ್ತುವುದು. ರಾಟಿಯನ್ನು ಕಂಬಳಿಯ ಹೊರಗೆ ಹಾಕಿಕೊಂಡು ಕೂತು, ಒಳಗೆ ಅಣ್ಣ "ಹೂಂ" ಅಂದ ಕೂಡಲೇ ಬಡಿತ ಎಣಿಸುತ್ತಿದ್ದೆ. ಜೋಳ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಅನ್ನದೆ ಲಾಭ ಅನ್ನುತ್ತಾರಲ್ಲ, ಮನೆಯಲ್ಲಿ ಏನು ಎಣಿಸಿದರೂ ಹಾಗೇ ಎಣಿಸಬೇಕೆಂದು ಆಯಿಯ ಹಟ. ಅದಕ್ಕೇ ನಾನು "ಲಾಭ, ಎರಡು, ಮೂರು" ಎಂದು ಕೂಗುತ್ತಿದ್ದೆ. ಹನ್ನೆರಡಕ್ಕೆ ಒಳಗೆ ಬಲ್ಬು ಆರುತ್ತಿತ್ತು. ಓದು ಬಿಟ್ಟವಳಿಗೆ ಎಣಿಕೆಯಾದರೂ ಉಪಯೋಗಕ್ಕೆ ಬಂತೆಂದು ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಓಣಿಯ ಗೆಳತಿಯರು ಆಟಕ್ಕೆ ಕರೆದರೆ "ನಂಗ ಸ್ಟುಡಿಯೋದಾಗ ಕೆಲಸ ಐತಿ" ಎನ್ನುತ್ತಿದ್ದೆ.

ತೊಂದರೆ ಎಂದರೆ ಅಪ್ಪ ಗಡಿಯಾರ ಅಲ್ಲ. ಅವನಿಗೆ ಸಿಟ್ಟು ಬಂದ ದಿನ ಮಗ್ಗ ಜೋರಾಗಿ ನಡೆದು ಫೋಟೋಗಳು ಬೆಳ್ಳಗೆ ಬರುತ್ತಿದ್ದವು. ಖುಷಿಯಲ್ಲಿದ್ದು ಭಜನೆ ಗುನುಗುತ್ತ ನೇಯ್ದರೆ ಎಲ್ಲರ ಮುಖ ಕಪ್ಪಗೆ. ಇನ್ನೊಂದು ತೊಂದರೆ, ಪಡಸಾಲೆಯಲ್ಲಿ ಫೋಟೋ ತೆಗೆಯುವಾಗ ನೆಲ ಅಲುಗದಂತೆ ಮಗ್ಗ ನಿಲ್ಲಬೇಕು. ಹಿಂದಿನ ಖೋಲಿಯಲ್ಲಿ ತೊಳೆಯುವಾಗ ಮಗ್ಗ ನಡೆಯಬೇಕು.

"ಅಪ್ಪಾ, ಒಂದು ಗಳಿಗಿ ನಿಂದರಸು," ಎಂದು ಅಣ್ಣ ಮುಂದಿನಿಂದ ಕೂಗುವುದು.

"ಕಾಕಾ, ನಿಂದರಸಬ್ಯಾಡ್ರಿ, ನಾಕ ಎಣಿಕಿ ಉಳದಾವ," ಎಂದು ಬೀರಣ್ಣ ಹಿಂದಿನಿಂದ ಕೂಗುವುದು.

"ಲೇ, ನಾ ಏನು ನಿಮ್ಮ ಕಾಲಾಗಿನ ಸೈಕಲ್ಲೇನ? ಸೀರಿ ಯಾರು ನೇಯಬೇಕು, ನಿಮ್ಮಪ್ಪನ?"

"ನಮ್ಮಪ್ಪ ನೀನ ಅದೀಯಲ್ಲ," ಎನ್ನುತ್ತಿದ್ದ ಅಣ್ಣ. ಅವ್ವ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಬೀರಣ್ಣ ನಮ್ಮಲ್ಲೇ ಉಣ್ಣುತ್ತಿದ್ದ. ಅವರದು ಮಾಂಸ ಉಣ್ಣುವ ಮನೆ ಎಂದು ಆಯಿ ಅವನಿಗೆ ಬೇರೆ ಒಂದು ಜರ್ಮನ್, ಅಂದರೆ ಅಲ್ಯೂಮಿನಿಯಂ, ತಾಟು ಇಟ್ಟಿದ್ದಳು, ಅವನು ಉಂಡು ತೊಳೆದು ಹಿತ್ತಲ ಗೋಡೆಯ ಮಾಡದಲ್ಲಿ ಬೋರಲು ಹಾಕಬೇಕು. ಒಂದು ದಿನ ಖೋಲಿಯಲ್ಲಿ ಔಷಧಿ ನೀರು ಹಾಕಲು ಪಾತ್ರೆ ಸಾಲದೆ ಅಣ್ಣ ಆ ತಾಟನ್ನು ಹೈಪೋ ಹಾಕಲು ಒಯ್ದುಬಿಟ್ಟ. ಹೈಪೋ ಅಂದರೆ ಫೋಟೋ ಮಾಸದಂತೆ ಹಿಡಿದಿಡುವ ನೀರು, ಅದು ತಾಗಿದ ತಾಟಿನಲ್ಲಿ ಉಣ್ಣುವಂತಿಲ್ಲ. ಊಟದ ಹೊತ್ತಿಗೆ ಬೀರಣ್ಣ ಬರಿಗೈಯಲ್ಲಿ ಕೂತ. ಆಯಿ ಒಂದು ಗಳಿಗೆ ಅವನನ್ನು ನೋಡಿದಳು, ಒಂದು ಗಳಿಗೆ ಅಣ್ಣನನ್ನು ನೋಡಿದಳು. ಎದ್ದು ಹೋಗಿ ಅಜ್ಜನ ಹಿತ್ತಾಳೆ ತಾಟು ತಂದು ಅವನ ಮುಂದೆ ಕುಕ್ಕಿ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿದಳು.

"ಉಣ್ಣು. ಇವ ಬೇಕಂತಲೇ ಮಾಡ್ಯಾನ, ನಂಗ ತಿಳಿದಿಲ್ಲೇನ."

ಆ ಮೇಲೆ ಅವನು ಕೊನೆಯವರೆಗೂ ಅದರಲ್ಲೇ ಉಂಡ.

ಮೊದಲ ಸಲ ನನ್ನನ್ನು ಒಳಗೆ ಬಿಟ್ಟದ್ದು ಆಯಿಯ ಫೋಟೋ ತೊಳೆಯುವ ದಿನ. ಕೆಂಪು ಬಲ್ಬಿನ ಬೆಳಕಿನಲ್ಲಿ ಇಬ್ಬರ ಮುಖವೂ ಕುಂಕುಮ ಮೆತ್ತಿದ ಹಾಗೆ ಕಾಣುತ್ತಿತ್ತು. ಬಿಳಿ ಕಾಗದವನ್ನು ತಾಟಿನ ನೀರಿಗೆ ಬಿಟ್ಟು ಬೀರಣ್ಣ ತಾಟನ್ನು ತೊಟ್ಟಿಲಿನಂತೆ ತೂಗಿದ. ಮೊದಲು ಕರಿ ಸೀರೆ ಬಂತು, ಆ ಮೇಲೆ ಎರಡು ಕಣ್ಣು, ಆ ಮೇಲೆ ಮೂಗುತಿಯ ಕೆಳಗಿನ ನೆರಳು. ಆಯಿ ನೀರಿನೊಳಗಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಅಣ್ಣನ ಅಂಗಿ ಹಿಡಿದುಕೊಂಡೆ.

"ಅಂಜಬ್ಯಾಡ ಗಂಗೂ, ನಿಮ್ಮಾಯಿ ಈಜಾಕತ್ತಾಳ," ಎಂದ ಬೀರಣ್ಣ.

ಆಯಿಗೆ ಆ ಖೋಲಿಯ ಮೇಲೆ ಒಂದೇ ತಕರಾರು. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ದೇವರ ಮುಂದಿನ ದೀಪವನ್ನು ಕೈಯಲ್ಲಿ ಹಿಡಿದು ಮನೆಯ ಎಲ್ಲ ಖೋಲಿಗಳಿಗೂ ತೋರಿಸಿ ಬರುವ ರೂಢಿ. ಮೊದಲು ಮಗ್ಗಕ್ಕೆ, ಆ ಮೇಲೆ ಹೊಸ್ತಿಲಿಗೆ, ಒಲೆಗೆ, ಕಣಜಕ್ಕೆ, ಕೊನೆಗೆ ಬಣ್ಣದ ಖೋಲಿಗೆ. ಈಗ ಬಣ್ಣದ ಖೋಲಿಗೆ ದೀಪ ಒಯ್ಯುವಂತಿಲ್ಲ.

"ದೀಪ ಹಚ್ಚೂ ಹೊತ್ತಿನ್ಯಾಗ ಮನಿಯೊಳಗ ಒಂದು ಖೋಲಿ ಕತ್ತಲ ಇಟ್ಟರ, ಅಲ್ಲಿ ಏನು ಬಂದು ಕುಂದರತೈತೋ ಯಾರಿಗೆ ಗೊತ್ತು?"

"ಕೆಂಪು ದೀಪ ಐತಲ್ಲಾಯಿ," ಎಂದ ಅಣ್ಣ.

ಆಯಿ ಯೋಚನೆ ಮಾಡಿ ಒಪ್ಪಿದಳು. ಕೆಂಪು ಬಲ್ಬಿನ ಗುಂಡಿಗೆ ಕುಂಕುಮ ಹಚ್ಚಿ, ದಿನಾ ಸಂಜೆ ಆ ಬಲ್ಬನ್ನು ಒಮ್ಮೆ ಹಚ್ಚಿ ಆರಿಸಬೇಕೆಂದು ಅಪ್ಪಣೆ ಮಾಡಿದಳು. ಆದರೆ ಫಿಲ್ಮು ಬಿಚ್ಚಿದ ದಿನ ಕೆಂಪು ಬೆಳಕೂ ಕೂಡದು. ಫೋಟೋದ ಕಾಗದ ಕೆಂಪು ಬೆಳಕು ತಡೆಯುತ್ತದೆ, ತೊಳೆಯದ ಫಿಲ್ಮು ಯಾವ ಬೆಳಕನ್ನೂ ತಡೆಯುವುದಿಲ್ಲ. ಅಂಥ ದಿನಕ್ಕೆ ಒಂದು ಗುರುತು ಮಾಡಿದ್ದರು. ಖಣಿಯಿಂದ ತಂದ ಒಂದು ಕೆಂಪು ಕಲ್ಲು, ಎರಡು ಕೈಯಲ್ಲಿ ಎತ್ತುವಷ್ಟು ವಜನಿನದು. ಒಳಗೆ ಫಿಲ್ಮು ಬಿಚ್ಚಿಟ್ಟು ಹೊರಗೆ ಬಂದವರು ಕಂಬಳಿಯ ಅಂಚನ್ನು ನೆಲಕ್ಕೆ ಎಳೆದು ಅದರ ಮೇಲೆ ಆ ಕಲ್ಲು ಇಡಬೇಕು. ಕಲ್ಲು ಇದ್ದರೆ ಯಾರೂ ಕಂಬಳಿ ಮುಟ್ಟಬಾರದು. ಈ ಕಾನೂನು ನನಗೂ ಗೊತ್ತಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ಬೇಸಿಗೆಯ ಮೊದಲಿಗೆ ಬೀರಣ್ಣ ಕ್ಯಾಮೆರಾ ತೆಗೆದುಕೊಂಡು ಊರಿಗೆ ಹೋದ. ಅವನ ಅಪ್ಪ ಅವ್ವ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋಗುವವರಿದ್ದರು, ಮಳೆಗಾಲದವರೆಗೂ ತಿರುಗಿ ಬರುವವರಲ್ಲ. ನೀಲವ್ವ ಒಮ್ಮೆಯೂ ಫೋಟೋ ತೆಗೆಸಿಕೊಂಡವಳಲ್ಲ. ನಮ್ಮ ಮನೆಗೆ ಬಂದಾಗ ಎಷ್ಟು ಕರೆದರೂ ಸ್ಟೂಲಿನ ಮೇಲೆ ಕೂಡಲಿಲ್ಲ. "ಕುರಿ ಬಿಟ್ಟು ನಾ ಒಬ್ಬಾಕಿ ಕುಂತರ ಯಾರು ಅಂತ ಗುರುತು ಹಿಡಿತಾರ?" ಎಂದು ನಕ್ಕು ತಪ್ಪಿಸಿಕೊಂಡಿದ್ದಳು. ಈ ಸಲ ಬೀರಣ್ಣ ಕುರಿಗಳ ನಡುವೆಯೇ ನಿಲ್ಲಿಸಿ, ಹೆಗಲ ಮೇಲೆ ಮರಿ ಕೂಡಿಸಿ ತೆಗೆದನಂತೆ. ಇಡೀ ರೋಲು ಅವಳದೇ. ತಿರುಗಿ ಬಂದವನು ಅದನ್ನು ಹೇಳಿದ್ದೇ ಹೇಳಿದ್ದು.

"ಗಂಗೂ, ನಾಳಿ ನೀ ಹದಿನೈದು ಎಣಿಸಬೇಕು ನೋಡು. ನಮ್ಮವ್ವ ಕರ್ರಗ ಅದಾಳ, ಹನ್ನೆರಡಕ್ಕ ಬರಂಗಿಲ್ಲ."

ಆಗ ಆಯಿ ಮಲಗಿದ್ದಳು. ಐದು ದಿನದಿಂದ ಜ್ವರ. ಗಂಜಿ ಸಹ ಒಳಗೆ ಹೋಗುತ್ತಿರಲಿಲ್ಲ. ನಡುಮನೆಯಲ್ಲಿ ಅವಳ ಹಾಸಿಗೆಯಿಂದ ಬಣ್ಣದ ಖೋಲಿಯ ಕಂಬಳಿ ನೇರಕ್ಕೆ ಕಾಣುತ್ತಿತ್ತು. ಅವಳು ಏಳಲಾರದ್ದರಿಂದ ಸಂಜೆ ದೀಪ ತೋರಿಸುವ ಕೆಲಸ ನನಗೆ ಬಂದಿತ್ತು. ಆ ದಿನ ಅಪ್ಪ ನೇಯ್ದ ಸೀರೆ ಕೊಡಲು ಪೇಟೆಗೆ ಹೋಗಿದ್ದ, ಮಗ್ಗ ಸುಮ್ಮನಿತ್ತು. ಅಣ್ಣ ಕಚೇರಿಯವರ ಫೋಟೋ ಕೊಟ್ಟು ಬರಲು ಹುನಗುಂದಕ್ಕೆ ಹೋಗಿದ್ದ. ಬೀರಣ್ಣ ಒಬ್ಬನೇ ಒಳಗೆ ಹೋಗಿ ಫಿಲ್ಮು ಬಿಚ್ಚಿ, ಅದರ ಸುರುಳಿ ನೆಟ್ಟಗಾಗಲೆಂದು ನೂಲಿನ ಹಗ್ಗಕ್ಕೆ ಚಿಮುಟಿ ಹಾಕಿ ತೂಗುಬಿಟ್ಟ. ಸೆಕೆಗೆ ಔಷಧಿ ನೀರು ಕಾದಿತ್ತು. ಕಾದ ನೀರಿಗೆ ಫಿಲ್ಮು ಹಾಕಿದರೆ ಹಾಳಾಗುತ್ತದೆ. ಅವನು ಹೊರಗೆ ಬಂದು, ಕಂಬಳಿ ಎಳೆದು, ಕಲ್ಲು ಇಟ್ಟು, ನೀರು ತಣ್ಣಗೆ ಮಾಡಲು ಬರ್ಫ ತರಲು ಸೋಡಾ ಅಂಗಡಿಗೆ ಹೋದ. ಕಲ್ಲು ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಅದನ್ನು ಕಾಲಿನಿಂದ ಇನ್ನಷ್ಟು ಒತ್ತಿದ್ದನ್ನೂ ಕಂಡೆ.

ನಾನು ದೀಪ ಹಿಡಿದು ಮಗ್ಗಕ್ಕೆ, ಹೊಸ್ತಿಲಿಗೆ, ಒಲೆಗೆ, ಕಣಜಕ್ಕೆ ತೋರಿಸಿ ನಡುಮನೆಗೆ ಬಂದೆ. ಆಯಿ ಕಣ್ಣು ತೆರೆದಿದ್ದಳು.

"ಆ ಖೋಲಿಗಿ ಇವತ್ತ ಕೆಂಪು ದೀಪಾನೂ ಇಲ್ಲ," ಅಂದಳು. ಜ್ವರದ ಬಾಯಿ, ಮಾತು ತೊದಲುತ್ತಿತ್ತು. "ಅಲ್ಲಿ ಯಾರೋ ಕುಂತಾರವಾ."

ಆ ಮಾತಿಗೆ ನನ್ನ ಜೀವ ಹಾರಿತು. ಆಯಿ ಸಾಯುತ್ತಾಳೆ, ದೀಪ ತೋರಿಸದ್ದಕ್ಕೇ ಸಾಯುತ್ತಾಳೆ ಅನ್ನಿಸಿತು. ದೇವರ ದೀಪ, ಒಂದು ಉಸಿರಿನಷ್ಟು ಹೊತ್ತು ತೋರಿಸಿದರೆ ಫಿಲ್ಮಿಗೆ ಏನಾದೀತು ಅಂದುಕೊಂಡೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ದೀಪ ಕೆಳಗಿಟ್ಟು ಎರಡೂ ಕೈಯಿಂದ ಕಲ್ಲು ಸರಿಸಿದೆ, ದೀಪ ಎತ್ತಿಕೊಂಡು ಕಂಬಳಿ ಸರಿಸಿ ಒಳಗೆ ಹೋದೆ. ನಾಲ್ಕು ಮೂಲೆಗೂ ತೋರಿಸಿದೆ. ಯಾರೂ ಕೂತಿರಲಿಲ್ಲ. ನಡುವೆ ಹಗ್ಗದಿಂದ ಫಿಲ್ಮು ಹಾವಿನ ಪೊರೆಯ ಹಾಗೆ ಇಳಿಬಿದ್ದಿತ್ತು. ದೀಪದ ಬೆಳಕು ಅದರ ಮೇಲೆ ಮಿಂಚಿದ್ದು ಇವತ್ತಿಗೂ ಕಣ್ಣ ಮುಂದಿದೆ. ಹೊರಗೆ ಬಂದು, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ಕಲ್ಲು ಎಳೆದೆ. ಬರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಬೀರಣ್ಣನ ಚಪ್ಪಲಿ ಸಪ್ಪಳ. ಕಲ್ಲು ಬಿಟ್ಟು ಆಯಿಯ ಹತ್ತಿರ ಓಡಿದೆ.

"ತೋರಿಸಿ ಬಂದೆ ಆಯಿ," ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಗಲ್ಲ ಮುಟ್ಟಿ ಕಣ್ಣು ಮುಚ್ಚಿದಳು. ಬೀರಣ್ಣ ಬರ್ಫ ಕರಗುವ ಅವಸರದಲ್ಲಿ ಕಲ್ಲಿನ ಕಡೆ ನೋಡದೆ ಕಂಬಳಿ ಸರಿಸಿ ಒಳಗೆ ಹೋದ.

ಅಣ್ಣ ಬಸ್ಸಿಳಿದು ಬರುವ ಹೊತ್ತಿಗೆ ಬೀರಣ್ಣ ಫಿಲ್ಮು ತೊಳೆದು ಹೊರಗೆ ತಂದು ಪಡಸಾಲೆಯ ದೀಪಕ್ಕೆ ಹಿಡಿದಿದ್ದ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಾಡಿಗೆಯ ಹಾಗೆ ಕಪ್ಪು. ಅಣ್ಣ ಅದನ್ನು ಇಸಿದುಕೊಂಡು ನೋಡಿದ.

"ಕಲ್ಲು ಇಟ್ಟಿದ್ದೇನ?"

"ಇಟ್ಟಿದ್ನಿ."

"ಮತ್ತ ಅಲ್ಲಿ ಯಾಕ ಬಿದ್ದೈತಿ?"

ಬೀರಣ್ಣ ಹೋಗಿ ನೋಡಿದ. ಕಲ್ಲು ಕಂಬಳಿಯಿಂದ ಒಂದು ಗೇಣು ದೂರ ಇತ್ತು. ಒಳಗೆ ಹೋಗುವಾಗ ತಾನು ಕಲ್ಲು ಎತ್ತಿರಲೇ ಇಲ್ಲ ಎಂದು ಅವನಿಗೆ ಆಗ ಹೊಳೆದಿರಬೇಕು.

"ಇಟ್ಟಿದ್ನಿ ಅನಸ್ತೈತಿ," ಎಂದ, ಮೊದಲಿಗಿಂತ ಸಣ್ಣ ದನಿಯಲ್ಲಿ.

"ಅನಸ್ತೈತಿ ಅಂದರ? ನಿಮ್ಮವ್ವನ ಫಿಲ್ಮೂ ನಿಂಗ ಜತನ ಮಾಡಾಕ ಆಗಲಿಲ್ಲ ಅಂದರ ಊರ ಮಂದಿದು ಏನು ಮಾಡ್ತಿ? ಕುರಿ ಕಾಯೂದ ನಿಂಗ ಬರೋಬರಿ ಐತಿ."

ಅಣ್ಣ ಅಂಥ ಮಾತು ಆಡುವವನಲ್ಲ. ಅವನಿಗೂ ಸಂಕಟವಾಗಿತ್ತು, ಸಂಕಟ ಹಾಗೆ ಹೊರಗೆ ಬಂತು. ಅವ್ವ "ಮಾಂತೇಶಾ" ಎಂದು ಗದರಿದಳು. ನಾನು ರಾಟಿಯ ಮುಂದೆ ಕೂತಿದ್ದೆ. ಹೇಳಬೇಕು ಎಂದು ಬಾಯಿ ತೆರೆದದ್ದು ನಿಜ. ಆದರೆ ಹೇಳಿದರೆ ನನ್ನನ್ನು ಇನ್ನು ಎಣಿಸಲು ಕೂಡಿಸುವುದಿಲ್ಲ. ಆ ಒಂದು ಕೆಲಸವೂ ಹೋದರೆ ನಾನು ಬರಿಯ ಕಂಡಿಕೆ ಸುತ್ತುವ ಹುಡುಗಿ. ಬಾಯಿ ಮುಚ್ಚಿ ರಾಟಿ ತಿರುವಿದೆ. ನಡುಮನೆಯಿಂದ ಆಯಿ ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ತಲೆ ಕೆಳಗಿಟ್ಟಳು. ಜ್ವರದಲ್ಲಿದ್ದವಳಿಗೆ ಎಷ್ಟು ತಿಳಿಯಿತೋ ನಾನು ಕೇಳಲಿಲ್ಲ. ಈಗ ಅವಳ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ.

ಮರುದಿನ ಬೀರಣ್ಣ ಮೊಳೆ ಕಿತ್ತು ಕಂಬಳಿ ಮಡಚಿಕೊಂಡ. ಅಜ್ಜನ ತಾಟು ತೊಳೆದು ಅವ್ವನ ಕೈಗೆ ಕೊಟ್ಟ. ಕ್ಯಾಮೆರಾ ಕೇಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಬರ್ತೇನಿ ಗಂಗೂ, ಎಣಿಕಿ ಮರೀಬ್ಯಾಡ" ಎಂದು ಹೋದ. ಆ ಮಳೆಗಾಲಕ್ಕೆ ಕುರಿಗಳು ತಿರುಗಿ ಬಂದವು, ನೀಲವ್ವ ಬರಲಿಲ್ಲ. ಹೊಳೆಸಾಲಿನಲ್ಲೇ ಚಳಿಜ್ವರ ಬಂದು ತೀರಿಕೊಂಡಳಂತೆ. ಸುದ್ದಿ ಕೇಳಿ ಅಣ್ಣ ಹೋಗಿ ಬಂದ. ಬಂದವನು ಉಣ್ಣದೆ ಮಲಗಿದ. ಖೋಲಿಗೆ ಆ ಮೇಲೆ ಬಾಗಿಲು ಬಂತು, ಅಣ್ಣ ಒಂದು ಗಡಿಯಾರ ತಂದ. ನನ್ನ ಎಣಿಕೆ ಹೇಗೂ ಬೇಕಾಗಲಿಲ್ಲ.

ಬೀರಣ್ಣ ಬಸ್ಸಿನ ಕಂಡಕ್ಟರ್ ಆದ. ನನ್ನನ್ನು ಗುಳೇದಗುಡ್ಡದ ಕುಪ್ಪಸದ ಖಣ ನೇಯುವ ಮನೆಗೆ ಕೊಟ್ಟರು. ಹೋಗುವಾಗ ಆ ಕೆಂಪು ಕಲ್ಲನ್ನು ಟ್ರಂಕಿನಲ್ಲಿ ಇಟ್ಟುಕೊಂಡೆ. ಅವ್ವ ಬೆರಗಾಗಿ, "ಗುಳೇದಗುಡ್ಡದಾಗ ಕಲ್ಲಿಗೆ ಬರ ಬಂದೈತೇನ?" ಎಂದಳು. ಹಪ್ಪಳ ಒಣಹಾಕುವ ಅರಿವೆ ಹಾರದಂತೆ ಇಡಲು ಬೇಕು ಎಂದೆ. ತವರಿಗೆ ಬರುವಾಗ ಹೋಗುವಾಗ ಎಷ್ಟೋ ಸಲ ಬೀರಣ್ಣನ ಬಸ್ಸೇ ಸಿಗುತ್ತಿತ್ತು. "ನಮ್ಮ ತಂಗಿಗೆ ಜಾಗ ಬಿಡ್ರಿ" ಎಂದು ಯಾರನ್ನಾದರೂ ಎಬ್ಬಿಸಿ ಕೂಡಿಸುತ್ತಿದ್ದ. ಅವನು ತಿಕೀಟು ಹರಿದು ಕೈಗೆ ಕೊಡುವಾಗ ಪ್ರತಿ ಸಲ ಆ ಮಾತು ಗಂಟಲಿನವರೆಗೆ ಬರುತ್ತಿತ್ತು. ಬಸ್ಸಿನ ತುಂಬ ಮಂದಿ ಎಂದು ನುಂಗುತ್ತಿದ್ದೆ. ಬಸ್ಸು ಖಾಲಿ ಇದ್ದ ದಿನ ಬೇರೆ ನೆವ ಸಿಗುತ್ತಿತ್ತು. ಅಣ್ಣನೂ ಅವನೂ ಮದುವೆಯಲ್ಲಿ, ಸತ್ತವರ ಮಣ್ಣಿನಲ್ಲಿ ಭೇಟಿಯಾಗಿ ಮಾತಾಡುತ್ತಿದ್ದರು, ಕೂಡಿ ಚಹಾ ಕುಡಿಯುತ್ತಿದ್ದರು. ಆದರೆ ಅಣ್ಣ ಸ್ಟುಡಿಯೋದ ಮಾತು ಬಂದರೆ "ಬೀರ್ಯಾ ಒಂದು ಕಲ್ಲು ಮರೆತದ್ದಕ್ಕ" ಎಂದೇ ಸುರು ಮಾಡುತ್ತಿದ್ದ. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಅವನಿಗೆ ನಾನು ಹೇಳಲಿಲ್ಲ. ಅದು ಇನ್ನು ತಿದ್ದಲಾಗದ್ದು.

ಅಣ್ಣನ ಮೊಮ್ಮಗಳು ರೂಪಾ ಈಗ ಬಾಗಲಕೋಟೆಯ ನವನಗರದಲ್ಲಿ ಇಬ್ಬರು ಗೆಳತಿಯರ ಜೊತೆ ಕೂಡಿ ಮತ್ತೆ ಫಿಲ್ಮು ತೊಳೆಯುವ ಖೋಲಿ ಮಾಡಿದ್ದಾಳೆ. ಒಬ್ಬಳ ಮನೆಯ ಹಿಂದಿನ ಖೋಲಿ, ಮೂವರೂ ಪಾಲುಗಾರರು. ಎಲ್ಲರ ಕೈಯಲ್ಲಿ ಫೋನು ಇರುವಾಗ ಇದ್ಯಾಕೆ ಎಂದು ಕೇಳಿದೆ. "ಕಾಯಾಕ ಚಲೋ ಅನಸ್ತೈತಿ ಗಂಗಜ್ಜಿ" ಎಂದಳು. ಇಳಕಲ್ಲಿನ ಅಟ್ಟದಿಂದ ಆ ಕೋಳಿಗೂಡಿನಂಥ ಎನ್ಲಾರ್ಜರು ಇಳಿಸಿ ಒಯ್ದಿದ್ದಳು. ಬೀರಣ್ಣನ ಊರಿಗೂ ಹೋಗಿ ಕೇಳಿದ್ದಳಂತೆ, ಅವನು ಕಂಬಳಿ ಕೊಟ್ಟಿದ್ದ. ಖೋಲಿ ಸುರು ಮಾಡುವ ಭಾನುವಾರ ಅವನನ್ನೂ ನನ್ನನ್ನೂ ಕರೆದಳು. ನಾನು ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

"ಏನೈತೆಬೇ ಚೀಲದಾಗ, ಇಷ್ಟು ವಜ್ಜಿ?" ಎಂದ ಕಂಡಕ್ಟರ್ ಅದನ್ನು ಸರಿಸಲು ಹೋಗಿ.

"ಕಲ್ಲಪ್ಪಾ."

ಅವನು ನಕ್ಕು ಮುಂದೆ ಹೋದ.

ಬೀರಣ್ಣ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದ. ಬಿಳಿ ರುಮಾಲು, ಮೊಣಕಾಲು ನೋವು, ನಗು ಮಾತ್ರ ಅದೇ. ಚಹಾ ಕುಡಿದು ಎಲ್ಲರೂ ಖೋಲಿಯ ಮುಂದೆ ನಿಂತೆವು, ಬೀರಣ್ಣನ ಕುರ್ಚಿಯನ್ನೂ ಅಲ್ಲಿಗೇ ತಂದು ಕೂಡಿಸಿದರು. ಕಂಬಳಿಗೆ ಅಲ್ಲಲ್ಲಿ ನುಸಿ ಹಿಡಿದಿತ್ತು, ರೂಪಾ ಹಿಂದೆ ಕರಿ ಬಟ್ಟೆ ಹೊಲಿದಿದ್ದಳು. ಚೀಲದಿಂದ ಕಲ್ಲು ತೆಗೆದಾಗ ಅವಳು ಗೆಳತಿಯರನ್ನು ಕರೆದಳು.

"ಇದ ನೋಡ್ರೆ ಆ ಕಲ್ಲು. ಬೀರಪ್ಪಜ್ಜ ಒಂದ ದಿನ ಇದನ್ನ ಇಡೂದು ಮರತ, ಇಬ್ಬರೂ ಕೂಡಿ ಮಾಡಿದ್ದ ಸ್ಟುಡಿಯೋ ಅಲ್ಲಿಗೇ ಮುರೀತು. ನಮ್ಮಜ್ಜ ಹೇಳತಿದ್ದ."

ಬೀರಣ್ಣ ಎಲ್ಲರ ಜೊತೆ ನಕ್ಕ. "ಹೌದವಾ," ಎಂದ. "ಮರತಿದ್ನಿ. ನೀವು ಮರೀಬ್ಯಾಡ್ರಿ."

ಅವನು ಹಾಗೆ ಒಪ್ಪಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ಮಂದಿ ಇದ್ದಾರೆ ಎಂಬ ನೆವವೂ ನೆನಪಾಗಲಿಲ್ಲ.

"ನೀ ಮರತಿದ್ದಿಲ್ಲಣ್ಣಾ," ಎಂದೆ. "ಇಟ್ಟಿದ್ದಿ. ಕಾಲಿಲೆ ಒತ್ತಿ ಇಟ್ಟಿದ್ದಿ. ಸರಿಸಿದಾಕಿ ನಾನು. ಆಯಿ ಅಂಜ್ಯಾಳಂತ ದೀಪ ತೋರಿಸಾಕ ಹೋಗಿದ್ನಿ."

ಬೀರಣ್ಣ ನನ್ನನ್ನು ನೋಡಲಿಲ್ಲ, ಕಲ್ಲನ್ನು ನೋಡಿದ.

"ದಿನಾ ಮಲಗೂವಾಗ ನೆನಸ್ಕೋತೇನಿ," ಎಂದ. "ಖೋಲಿಯಿಂದ ಹೊರಗ ಬಂದೆ, ಕಂಬಳಿ ಎಳದೆ. ಅಲ್ಲಿಗಿ ಬಂದು ನಿಂತುಬಿಡತೈತಿ. ಮುಂದ ಕಲ್ಲು ಇಟ್ಟೆನೋ ಇಲ್ಲೋ ಕಾಣಂಗಿಲ್ಲ. ನನ್ನ ಕೈಯಿಲೇ ನಮ್ಮವ್ವನ್ನ ಕಳಕೊಂಡ್ನಿ ಅಂತ ಐವತ್ತು ವರ್ಷ."

"ತಪ್ಪಾತಣ್ಣಾ," ಎಂದೆ. ಅದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇರಲಿಲ್ಲ. ಅವನು ರುಮಾಲು ತೆಗೆದು ಮುಖ ಒರೆಸಿಕೊಂಡ. ರೂಪಾ ನನ್ನ ತೋಳು ಹಿಡಿದುಕೊಂಡಿದ್ದಳು. ಆ ಮೇಲೆ ಅವನು ಕೇಳಿದ:

"ದೀಪ ತೋರಿಸಿದ ಮ್ಯಾಲ ಆಯಿ ಆರಾಮ ಆದಳೇನ?"

"ಮರುದಿನ ಮುಂಜಾನೆ ಗಂಜಿ ಕುಡಿದಳು. ಹನ್ನೊಂದು ವರ್ಷ ಬದುಕಿದಳು."

"ಹಂಗಾರ ದೀಪ ಸುಮ್ನ ಹೋಗಲಿಲ್ಲ," ಎಂದ ಬೀರಣ್ಣ.

ರೂಪಾಳ ಗೆಳತಿಯೊಬ್ಬಳು ಮೆಲ್ಲಗೆ, ಒಳಗೆ ಫಿಲ್ಮು ಬಿಚ್ಚಿ ತೂಗುಬಿಟ್ಟಿದೆ, ನೀರು ಇನ್ನೂ ತಣ್ಣಗಾಗಿಲ್ಲ, ಹೊರಗೆ ಕಾಯಬೇಕು ಎಂದಳು. ಬೀರಣ್ಣ ಕುರ್ಚಿಯ ಕೈ ಹಿಡಿದು ಎದ್ದ. ಯಾರಿಗೂ ಬಿಡದೆ ತಾನೇ ಬಗ್ಗಿ ಕಂಬಳಿಯ ಅಂಚು ನೆಲಕ್ಕೆ ಎಳೆದ. ಮೊಣಕಾಲು ಲಟಕ್ಕೆಂದಿತು. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅಂಚಿನ ಮೇಲೆ ಇಟ್ಟು, ಕಾಲಿನಿಂದ ಒಮ್ಮೆ ಒತ್ತಿದ. ಆ ಮೇಲೆ ನನ್ನ ಕಡೆ ಹೊರಳಿದ.

"ಗಂಗೂ," ಎಂದ. "ನೋಡ್ಕೋ. ಇಟ್ಟೇನಿ."

"ನೋಡೇನಣ್ಣಾ," ಎಂದೆ.